ಕುಂಬಾರ ಕಪ್ಪೆ ಯಾವ ಮನೆತನದ್ದು?

ಉತ್ತರ ಕನ್ನಡದ ಕತ್ತಲೆಕಾನು. ಮಳೆಗಾಲದ ರಾತ್ರಿ, ತೊರೆಯ ದಂಡೆ. ಹೆಣ್ಣು ಕಪ್ಪೆ ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ಮುಂಗಾಲಿನಲ್ಲಿ ಹಸಿಮಣ್ಣು ತೆಗೆದು ಆ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಡಕೆ ಮಾಡುವವರ ಕೈಗಳೇ ನೆನಪಾಗುತ್ತವೆ, ಅಲ್ವಾ? 2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದಕ್ಕೆ ನಿಕ್ಟಿಬಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು.

ಹೆಸರು ಇಡುವುದು ಕೊನೆಯ ಕೆಲಸ. ಈ ಜೀವಿ ಯಾರ ನೆಂಟ ಎಂಬುದು ಅದಕ್ಕೂ ಮೊದಲೇ ತಿಳಿಯಬೇಕು.

ಮೊದಲ ಹೆಜ್ಜೆ ಸುಲಭದ್ದು. ಬೆನ್ನುಮೂಳೆ ಇದೆಯೇ? ಇದೆ. ಗರಿ, ರೋಮ, ಹುರುಪೆ ಯಾವುದೂ ಇಲ್ಲ, ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ. ಹಾಗಾದರೆ ಉಭಯವಾಸಿ. ಬೆಳೆದ ಮೇಲೆ ಬಾಲವಿಲ್ಲ, ಹಿಂಗಾಲು ಉದ್ದ. ಅಲ್ಲಿಗೆ ಕಪ್ಪೆಗಳ ಗಣ. ಇಂದು ಸುಲಭ ಅನಿಸುವ ಇದು ಹಿಂದೆ ಹಾಗಿರಲಿಲ್ಲ. 1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ ಕಪ್ಪೆ, ಹಾವು, ಹಲ್ಲಿಗಳ ಜೊತೆ ಶಾರ್ಕ್ ಮೀನನ್ನೂ ಒಂದೇ ವರ್ಗಕ್ಕೆ ಸೇರಿಸಿದ್ದ.

ಎರಡನೆಯದು, ಹತ್ತಿರದ ಬಳಗ ಹುಡುಕುವುದು. ಸುಕ್ಕುಗಟ್ಟಿದ ಚರ್ಮ, ವಜ್ರದ ಆಕಾರದ ಕಣ್ಣಪಾಪೆ, ರಾತ್ರಿ ಹೊತ್ತಿನ ಓಡಾಟ. ಇವು ಇರುಳುಗಪ್ಪೆಗಳ ಕುಲದ, ಅಂದರೆ ನಿಕ್ಟಿಬಾಟ್ರಾಕಸ್‌ನ ಗುರುತುಗಳು. ಈ ಕುಲ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ನಿಜವಾದ ಕಷ್ಟ ಮೂರನೆಯ ಹೆಜ್ಜೆಯಲ್ಲಿ. ಇರುಳುಗಪ್ಪೆಗಳು ನೋಡಲು ಒಂದರಂತೆ ಒಂದು. ಇದು ಹೊಸ ಪ್ರಭೇದವೋ, ಹಳೆಯದೇ ಕಪ್ಪೆಯ ಚೂರು ಬೇರೆ ರೂಪವೋ? ಹಾಗಾಗಿ ಎಲ್ಲವನ್ನೂ ಅಳೆಯುತ್ತಾರೆ: ಮೂತಿಯಿಂದ ಹಿಂಭಾಗದವರೆಗಿನ ಉದ್ದ, ತಲೆಯ ಅಗಲ, ಬೆರಳುಗಳ ನಡುವಿನ ಜಾಲ. ಕೂಗನ್ನು ರೆಕಾರ್ಡ್ ಮಾಡುತ್ತಾರೆ. ಹೆಣ್ಣು ತನ್ನದೇ ಪ್ರಭೇದದ ಗಂಡನ್ನು ಗುರುತಿಸುವುದು ಕೂಗಿನಿಂದ. ಅದಕ್ಕೇ ಕೂಗು ಬಹಳ ಗಟ್ಟಿ ಸುಳಿವು. ಆಮೇಲೆ ಡಿಎನ್‌ಎ. ಬೇರೆ ಬೇರೆ ಕಪ್ಪೆಗಳಲ್ಲಿ ಒಂದೇ ಜೀನನ್ನು, ಅಂದರೆ ಡಿಎನ್‌ಎಯ ಒಂದೇ ತುಣುಕನ್ನು ಓದಿ, ಅದರ ರಾಸಾಯನಿಕ ಬರಹದಲ್ಲಿ ಎಷ್ಟು ಅಕ್ಷರ ಬೇರೆಯಾಗಿದೆ ಎಂದು ಎಣಿಸುತ್ತಾರೆ. ವ್ಯತ್ಯಾಸ ಕಡಿಮೆ ಇದ್ದಷ್ಟೂ ನಂಟು ಹತ್ತಿರ. ಆ ಲೆಕ್ಕದಿಂದ ಕವಲು ಕವಲಾದ ವಂಶವೃಕ್ಷ ಬರೆಯುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ರೂಪ ಮೋಸ ಮಾಡುತ್ತದೆ. ಮಲೆನಾಡಿನ ಹಾರುವ ಕಪ್ಪೆಗೂ ಅಮೆರಿಕದ ಮರಗಪ್ಪೆಗೂ ಬೆರಳ ತುದಿಯಲ್ಲಿ ಅಂಟುವ ಬಿಲ್ಲೆಗಳಿವೆ. ಆದರೆ ಅವೆರಡರ ಕುಟುಂಬವೇ ಬೇರೆ. ಮರ ಹತ್ತುವ ಬದುಕು ಎರಡಕ್ಕೂ ಬೇರೆ ಬೇರೆಯಾಗಿ ಒಂದೇ ಬಗೆಯ ಬೆರಳು ಕೊಟ್ಟಿದೆ. ಒಂದೇ ಗುಣ ಹಿಡಿದು ಗುಂಪು ಮಾಡಿದರೆ ತಪ್ಪು ಮನೆಗೆ ಸೇರಿಸಿಬಿಡುತ್ತೇವೆ.

ಇದೆಲ್ಲ ಮುಗಿದ ಮೇಲೆ ಒಂದು ಕಪ್ಪೆಯನ್ನೇ ಮಾದರಿಯಾಗಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಮುಂದೆ ಯಾರಿಗೇ ಅನುಮಾನ ಬಂದರೂ ಅದರ ಜೊತೆ ಹೋಲಿಸಿ ನೋಡಬಹುದು. ವಿವರಣೆಯನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಹೆಸರಿನ ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಎರಡನೆಯ ಪದ ಲ್ಯಾಟಿನ್ನೇ ಆಗಬೇಕೆಂದಿಲ್ಲ. ಹಾಗಾಗಿ ನಮ್ಮ 'ಕುಂಬಾರ' ಇಡೀ ಜಗತ್ತಿನ ವಿಜ್ಞಾನಿಗಳ ಬಾಯಲ್ಲಿ ಬರುವಂತಾಯಿತು. ನನಗಂತೂ ಇದು ಬಹಳ ಖುಷಿಯ ಸಂಗತಿ.

ಈ ಮಳೆಗಾಲದಲ್ಲಿ ನೀವೂ ಶುರು ಮಾಡಬಹುದು. ಕಪ್ಪೆ ಕೂಗಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಕಣ್ಣಪಾಪೆ ಮತ್ತು ಬೆರಳ ತುದಿ ಕಾಣುವಂತೆ ಫೋಟೊ ತೆಗೆಯಿರಿ. ಜಾಗ, ದಿನಾಂಕ, ಸಮಯ ಬರೆದಿಡಿ. ಸುಮ್ನೆ ಮುಟ್ಟಲು ಹೋಗಬೇಡಿ, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ.