ಹಂಚಿನ ಕೆಳಗೆ ಇನ್ನೊಂದು ಮಾಡು (ಚಾವಣಿ): ನನ್ನ ಅನುಭವ

ಹಂಚಿನ ಕೆಳಗೆ ತಗಡಿನ ಶೀಟ್ ಹಾಕಿದರೆ ಮಾಡು ಬಾಳಿಕೆ ಬರುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಸೋದರಮಾವ ಹೇಳಿದರು, ಪಕ್ಕದೂರಿನ ಇಬ್ಬರು ಮೇಸ್ತ್ರಿಗಳು ಹೇಳಿದರು, ಕೊನೆಗೆ ಶೀಟ್ ಮಾರುವ ಅಂಗಡಿಯವರೂ ಹೇಳಿದರು. "ಹಂಚಾದರೆ ಹಂಚು ಹಾಕು, ಶೀಟಾದರೆ ಶೀಟು ಹಾಕು. ಅಂಗಿ ಮೇಲೆ ಅಂಗಿ ಯಾಕೆ ಮಾರಾಯ?" ಅಂತ ಮಾವ ನಾಲ್ಕು ಜನರೆದುರು ನಗಾಡಿದ್ದರು. ಆದರೂ 2021ರ ಬೇಸಿಗೆಯಲ್ಲಿ ಹಾಗೇ ಮಾಡು ಹೊದೆಸಿದೆ. 2024ರ ಜುಲೈಯಲ್ಲಿ ಪುನರ್ವಸು ಮಳೆ ಹೇಗೆ ಹೊಡೆಯಿತು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಳಗೆ ಒಂದು ಹನಿ ಬೀಳಲಿಲ್ಲ. ಈಗ ಅದೇ ಮಾವ ತಮ್ಮ ಮನೆಯ ಅಳತೆ ತೆಗೆಯೋಕೆ ಬಾ ಅಂತ ಕರೆದಿದ್ದಾರೆ.

ನಮ್ಮದು ಹೊಸನಗರ ತಾಲ್ಲೂಕು, ಹುಲಿಕಲ್ ಘಾಟಿಯ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯೂ ಅದಕ್ಕೇನೂ ಕಡಿಮೆಯಿಲ್ಲ. ಶಿವಮೊಗ್ಗ ಪೇಟೆಯಲ್ಲಿ ನಡೆಯುವ ಮಾಡು ಇಲ್ಲಿ ನಡೆಯಲ್ಲ. ಪೇಟೆಯ ಎಂಜಿನಿಯರ್ ಹಾಕಿಕೊಟ್ಟ ಪ್ಲಾನ್ ಹಿಡಿದು ಚಪ್ಪಟೆ ಆರ್‌ಸಿಸಿ (ಕಾಂಕ್ರೀಟ್) ತಾರಸಿ ಹಾಕಿಸಿಕೊಂಡವರ ಪಾಡು ನಿಮಗೂ ಗೊತ್ತು. ನಮ್ಮ ಮನೆಯೂ ಹಾಗೇ ಆಗಿದ್ದು. ಏಪ್ರಿಲ್ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತೆ, ಜೂನ್‌ನಲ್ಲಿ ಒಂದೇ ಸಲ ತಣ್ಣಗಾಗುತ್ತೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ನೀರು ಹೋಗುವ ಪೈಪಿನ ಬಾಯಿಗೆ ಹಲಸಿನ ಎಲೆ ಕೂತರೆ ಮೇಲೆ ಕೆರೆ. ಮೊದಲು ಡಾಂಬರು ಬಳಿಸಿದೆ, ಆಮೇಲೆ ಕೆಮಿಕಲ್ ಕೋಟಿಂಗ್, ಆಮೇಲೆ ಅದರ ಮೇಲೆ ಬಲೆ ಹಾಕಿ ಇನ್ನೊಂದು ಕೋಟಿಂಗ್. ಡಬ್ಬದ ಮೇಲೆ ಹತ್ತು ವರ್ಷ ಗ್ಯಾರಂಟಿ ಅಂತ ಬರೆದಿತ್ತು. ಎರಡನೇ ಮಳೆಗಾಲಕ್ಕೇ ಗುಳ್ಳೆ ಎದ್ದಿತು. ಇದಕ್ಕೆಲ್ಲ ಸುಮ್ನೆ ಒಂದು ಲಕ್ಷದ ಹತ್ತಿರ ಹೋಯಿತು. ಒಂದು ಆಗಸ್ಟ್‌ನಲ್ಲಿ ದೇವರ ಕೋಣೆಯ ತಾರಸಿಯಿಂದ ಅಂಗೈ ಅಗಲದ ಸಿಮೆಂಟ್ ಚೆಕ್ಕೆ ಬಿದ್ದು, ಒಳಗಿನ ತುಕ್ಕು ಹಿಡಿದ ಕಂಬಿ ಕಂಡಿತು. ಆವತ್ತೇ ಕೋಟಿಂಗ್ ಸಹವಾಸ ಸಾಕು ಅಂದೆ.

ಸ್ಲ್ಯಾಬಿನ ಮೇಲೆ ಕಬ್ಬಿಣದ ಟ್ರಸ್ (ಮಾಡನ್ನು ಹೊರುವ ಚೌಕಟ್ಟು) ಕಟ್ಟಿ ಹಂಚು ಹೊದೆಸುವುದು ಹೊಸತೇನಲ್ಲ, ಊರಲ್ಲಿ ನಾಲ್ಕರಲ್ಲಿ ಒಂದು ಮನೆ ಹಾಗೇ ಇದೆ. ಆದರೆ ಹಂಚೊಂದೇ ಇದ್ದರೆ ಜಡಿಮಳೆಯ ಜೊತೆ ಪಡುವಣ ಗಾಳಿ ಸೇರಿದಾಗ ಎರಚಲು ಹಂಚಿನ ಸಂದಿಯಲ್ಲಿ ಒಳಗೆ ಬಂದೇ ಬರುತ್ತೆ. ಜೊತೆಗೆ ಮಂಗ. ಹಲಸಿನ ಮರದಿಂದ ಒಂದು ಗಡವ ಹಾರಿದರೆ ಎರಡು ಹಂಚು ಹೋಯಿತು, ಅದು ಗೊತ್ತಾಗುವುದು ಮಂಚ ನೆನೆದ ಮೇಲೆ. ಆಷಾಢದಲ್ಲಿ ಪಾಚಿ ಕಟ್ಟಿದ ಮಾಡಿನ ಮೇಲೆ ಹತ್ತಿ ಹಂಚು ಬದಲಿಸುವವರು ಈಗ ಎಲ್ಲಿದ್ದಾರೆ? ನೀರು ಹಂಚು ದಾಟಿ ಬರುತ್ತೆ ಅಂತಲೇ ಇಟ್ಟುಕೊಂಡು, ಬಂದ ನೀರು ಸೂರಿನವರೆಗೆ ತಾನಾಗಿ ಹರಿದುಹೋಗಲು ಕೆಳಗೆ ದಾರಿ ಮಾಡಿಕೊಡಬೇಕು. ನನ್ನ ಲೆಕ್ಕ ಇಷ್ಟೇ.

ನೇರವಾಗಿ ಮನೆಗೆ ಹಾಕುವ ಧೈರ್ಯ ಇರಲಿಲ್ಲ, ದುಡ್ಡೂ ಇರಲಿಲ್ಲ. ಕೊಟ್ಟಿಗೆಯ ಮಾಡಿನಲ್ಲಿ ಮೂರು ತುಂಡು ಮಾಡಿ ನೋಡಿದೆ. ಒಂದರಲ್ಲಿ ಹಂಚಿನ ಕೆಳಗೆ ಕಪ್ಪು ಟಾರ್ಪಾಲ್. ಎರಡನೆಯದರಲ್ಲಿ ಶೀಟ್ ಹಾಕಿ, ಅದಕ್ಕೇ ತಾಗಿಸಿ ಅಡ್ಡ ರೀಪು (ಹಂಚು ಕೂರುವ ಪಟ್ಟಿ) ಹೊಡೆದು ಹಂಚು. ಮೂರನೆಯದರಲ್ಲಿ ಶೀಟಿನ ಏಣಿನ (ಉಬ್ಬಿದ ಗೆರೆಯ) ಮೇಲೆ ಮೊದಲು ಇಳಿಜಾರಿನ ಉದ್ದಕ್ಕೆ ಒಂದು ರೀಪು, ಅದರ ಮೇಲೆ ಅಡ್ಡ ರೀಪು, ಆಮೇಲೆ ಹಂಚು. ಎರಡು ಮಳೆಗಾಲ ಬಿಟ್ಟು ಹಂಚು ಎತ್ತಿಸಿದೆ. ಟಾರ್ಪಾಲ್ ಪಕಾಸಿನ (ಇಳಿಜಾರಿನ ತೊಲೆಗಳ) ನಡುವೆ ಜೋತುಬಿದ್ದು ಅಲ್ಲಲ್ಲಿ ನೀರು ನಿಂತಿತ್ತು, ಮರದ ರೀಪಿನ ಅಡಿಭಾಗ ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು, ಒಂದು ಕಡೆ ಇಲಿ ಕಡಿದು ಗೂಡು ಮಾಡಿತ್ತು. ಎರಡನೆಯದರಲ್ಲಿ ಪ್ರತಿ ಅಡ್ಡ ರೀಪಿನ ಮೇಲ್ಬದಿಗೆ ಧೂಳು, ಹಂಚಿನ ಪುಡಿ, ಎಲೆಚೂರು ಸೇರಿ ಬೆರಳು ದಪ್ಪದ ಕೆಸರು. ಅದು ಬೇಸಿಗೆಯವರೆಗೂ ಒಣಗುವುದಿಲ್ಲ, ಶೀಟ್ ಅಲ್ಲೇ ತುಕ್ಕು ಹಿಡಿಯೋಕೆ ಶುರುವಾಗಿತ್ತು. ಅಂದರೆ ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅವರು ನೋಡಿದ್ದು ಈ ಥರದ್ದನ್ನು. ಮೂರನೆಯದರಲ್ಲಿ ಶೀಟ್ ಹೊಸದರಂತೆ ಹೊಳೆಯುತ್ತಿತ್ತು. ಉದ್ದ ರೀಪು ಇರುವುದರಿಂದ ಕಸಕ್ಕೆ ನಿಲ್ಲಲು ಜಾಗವಿಲ್ಲ, ಕೆಳಗಿಂದ ಮೇಲಕ್ಕೆ ಗಾಳಿಯೂ ಆಡುತ್ತೆ. ವ್ಯತ್ಯಾಸ ಮಾಡಿದ್ದು ಉದ್ದ ರೀಪು ಕೊಟ್ಟ ಆ ಒಂದಿಂಚಿನ ಎತ್ತರ.

ಮನೆ ನಲವತ್ತು ಅಡಿ ಉದ್ದ, ಮೂವತ್ತಾರು ಅಡಿ ಅಗಲ. ಸುತ್ತ ಮೂರಡಿ ಸೂರು ಚಾಚಿದೆ. ಇಳಿಜಾರು ಹನ್ನೆರಡು ಅಡಿಗೆ ಏಳೂವರೆ ಅಡಿ. ವೆಲ್ಡಿಂಗ್ ಹುಡುಗ "ಆರಡಿ ಸಾಕು ಅಣ್ಣ, ಪೈಪ್ ಉಳಿಯುತ್ತೆ" ಅಂದ. ನಾನು ಬಗ್ಗಲಿಲ್ಲ. ನೆತ್ತಿ ಹನ್ನೊಂದು ಅಡಿ ಮೇಲಾಯಿತು, ಅಟ್ಟದಲ್ಲಿ ಈಗ ಅಡಿಕೆ ಚೀಲ ಇಡುತ್ತೇವೆ. ಟ್ರಸ್ಸಿನ ಕಾಲುಗಳು ಗೋಡೆಯ ಮೇಲೇ ಬರಬೇಕು, ಸ್ಲ್ಯಾಬಿನ ನಡುವೆ ಒಂದೂ ಬರಬಾರದು. ಪಡುವಣದ ತ್ರಿಕೋನ ಗೋಡೆಯನ್ನು ಶೀಟಿನಲ್ಲಿ ಮುಚ್ಚದೆ ಜಂಬಿಟ್ಟಿಗೆ ಕಲ್ಲಿನಲ್ಲೇ ಕಟ್ಟಿಸಿದೆ. ಗಾಳಿಗೆ ಬಡಿದುಕೊಳ್ಳುವ ಶೀಟಿನ ಸದ್ದು ಕೇಳಿದವರಿಗೆ ಯಾಕೆ ಅಂತ ಗೊತ್ತಾಗುತ್ತೆ.

ಹಂಚಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿಂದ ಹಂಚಿನ ಆಕಾರ ಹೆಚ್ಚೇನೂ ಬದಲಾಗಿಲ್ಲ, ಆದರೆ ಸುಡುವಿಕೆ ಬದಲಾಗಿದೆ. ನಮ್ಮ ಹಳೇ ಮನೆಯ ಹಂಚು ಬೆರಳಿನಿಂದ ತಟ್ಟಿದರೆ ಈಗಲೂ ಟಣ್ ಅನ್ನುತ್ತೆ. ಈಗ ಬರುವ ಲೋಡಿನಲ್ಲಿ ಅರ್ಧ ಟಣ್, ಅರ್ಧ ಟಪ್. ಅಡಿಕೆ ತೂಗುವ ತಕ್ಕಡಿಯಲ್ಲಿ ಹಂಚು ತೂಗಿ, ಒಂದು ರಾತ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದೆ. ಒಣಗಿದಾಗ ಎರಡು ಕಿಲೋ ಆರುನೂರು ಗ್ರಾಂ ಆಸುಪಾಸು ಇದ್ದದ್ದು ನೆನೆದ ಮೇಲೆ ಮೂರು ಕಿಲೋ ಮುಟ್ಟಿತು. ನಮ್ಮ ಮಾಡಿಗೆ ಸುಮಾರು 3,200 ಹಂಚು. ಅಂದರೆ ಮಳೆಗಾಲದಲ್ಲಿ ಹಂಚು ಕುಡಿದ ನೀರೇ ಒಂದು ಟನ್ನಿನ ಮೇಲಾಯಿತು. ಟ್ರಸ್ಸಿಗೆ ಈ ಲೆಕ್ಕ ಹಿಡಿಯದೆ ಪೈಪ್ ಉಳಿಸಲು ಹೋದವರ ಮಾಡು ನಡುವೆ ಬಗ್ಗಿರುವುದನ್ನು ತೋರಿಸಬಲ್ಲೆ. ಟಪ್ ಅನ್ನುವ ಹಂಚನ್ನು ಒಂದು ಬದಿಗೆ ಜೋಡಿಸಿ ಲಾರಿಯವನಿಗೆ ವಾಪಸ್ ಕೊಟ್ಟೆ. ಅವನು ಮುಖ ಸಿಂಡರಿಸಿದ, ಆದರೂ ತಗೊಂಡು ಹೋದ. ಹಳೇ ಮನೆಯ ಹಂಚನ್ನೇ ಹೊಸದರ ಜೊತೆ ಸೇರಿಸಬಹುದಾ ಅಂತಲೂ ನೋಡಿದೆ. ಎರಡರ ತೋಡು (ಹಂಚು ಹಂಚಿಗೆ ಕೂರುವ ಗೀರು) ಕೂಡಲ್ಲ, ಆ ಆಸೆ ಬಿಡಿ.

ರೀಪಿನ ಅಂತರ ಹನ್ನೆರಡೂವರೆ ಇಂಚು ಅಂತ ಎಲ್ಲರೂ ಕಣ್ಣುಮುಚ್ಚಿ ವೆಲ್ಡ್ ಮಾಡುತ್ತಾರೆ. ಹಾಗೆ ಮಾಡಬೇಡಿ. ಹಂಚಿನ ಲೋಡ್ ಅಂಗಳಕ್ಕೆ ಬಂದ ಮೇಲೇ ರೀಪಿಗೆ ಕೈ ಹಾಕಿ. ಹತ್ತು ಹಂಚು ಒಂದರ ಕೆಳಗೊಂದು ನೆಲದಲ್ಲಿ ಜೋಡಿಸಿ, ಎಷ್ಟು ಒತ್ತಾಗುತ್ತೋ ಅಷ್ಟು ಒತ್ತಿ ಅಳೆಯಿರಿ. ಆಮೇಲೆ ತೋಡು ಬಿಡದಂತೆ ಎಷ್ಟು ಎಳೆಯಬಹುದೋ ಅಷ್ಟು ಎಳೆದು ಅಳೆಯಿರಿ. ಎರಡರ ನಡುವಿನದ್ದೇ ನಿಮ್ಮ ಅಳತೆ. ನನಗೆ ಅದು ಹನ್ನೆರಡೂಕಾಲಿಗೆ ಬಂತು. ಕಾಲಿಂಚು ಏನು ಮಹಾ ಅನ್ನಬೇಡಿ, ಇಪ್ಪತ್ತೈದು ಸಾಲಿಗೆ ಆರಿಂಚು ಆಗುತ್ತೆ, ನೆತ್ತಿಯಲ್ಲಿ ಹಂಚು ಕಡಿಯಬೇಕಾಗುತ್ತೆ.

ಶೀಟಿಗೆ ಸ್ಕ್ರೂ ಏಣಿನ ಮೇಲೇ ಬೀಳಬೇಕು, ಹಳ್ಳದಲ್ಲಿ ಒಂದೂ ಬೇಡ. ರಬ್ಬರ್ ವಾಷರ್ ಸ್ವಲ್ಪ ಉಬ್ಬಿದರೆ ಸಾಕು, ಹಿಂಡಿ ಹೊರಗೆ ಬರುವಷ್ಟು ಬಿಗಿದರೆ ಎರಡು ಬೇಸಿಗೆಗೆ ಸೀಳುತ್ತೆ. ಡ್ರಿಲ್ ಮಾಡಿದಾಗ ಬೀಳುವ ಕಬ್ಬಿಣದ ಚೂರನ್ನು ಅದೇ ಸಂಜೆ ಗುಡಿಸಬೇಕು, ಇಲ್ಲದಿದ್ದರೆ ಒಂದು ಇಬ್ಬನಿಗೇ ಶೀಟ್ ತುಂಬ ಕೆಂಪು ಚುಕ್ಕೆ. ಗ್ರೈಂಡರಿನಲ್ಲಿ ಶೀಟ್ ಕತ್ತರಿಸಬೇಡಿ ಅಂತ ಹೇಳಿದ್ದರೂ ನಾನು ಊಟಕ್ಕೆ ಹೋದಾಗ ಹುಡುಗರು ಮೂಡಣ ಮೂಲೆಯಲ್ಲಿ ಒಂದು ಶೀಟ್ ಕತ್ತರಿಸಿದ್ದರು. ಇಡೀ ಮಾಡಿನಲ್ಲಿ ಇವತ್ತು ತುಕ್ಕು ಇರುವುದು ಆ ಒಂದು ಅಂಚಿನಲ್ಲಿ ಮಾತ್ರ. ಜಿಐ ಪೈಪಿಗೆ ವೆಲ್ಡ್ ಮಾಡಿದ ಕಡೆಯೆಲ್ಲ ಸತುವಿನ ಲೇಪ ಸುಟ್ಟುಹೋಗಿರುತ್ತೆ, ಅಲ್ಲಿ ತಿಕ್ಕಿ ಜಿಂಕ್ ಪ್ರೈಮರ್ ಬಳಿಯಲೇಬೇಕು.

ಸೂರಿನ ಕಡೆಯ ಮೂರು ಸಾಲು, ಅಂಚಿನ ಎರಡು ಸಾಲು, ನೆತ್ತಿ ಪಕ್ಕದ ಸಾಲು, ಇಷ್ಟಕ್ಕೆ ಹಂಚಿನ ಹಿಂಬದಿಯ ತೂತಿನಲ್ಲಿ ಸ್ಟೀಲ್ ತಂತಿ ಪೋಣಿಸಿ ರೀಪಿಗೆ ಕಟ್ಟಿಸಿದೆ. ಗಾಳಿ ಮೊದಲು ಎತ್ತುವುದು ಅಲ್ಲಿಂದಲೇ. ನೆತ್ತಿಯ ಮೇಲೆ ಕೂರುವ ಮೂಲೆಹಂಚಿನ ಗಾರೆಗೆ ಬರೀ ಸಿಮೆಂಟ್ ಹಾಕಿದರೆ ಬಿರಿಯುತ್ತೆ. ನಾನು ಸುಣ್ಣ ಬೆರೆಸುತ್ತೇನೆ, ಜೊತೆಗೆ ಅಡುಗೆಮನೆಯಲ್ಲಿ ಸಿಗುವ ಇನ್ನೊಂದು ವಸ್ತು. ಅದು ಏನು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಹಳೇ ಗಾರೆ ಕೆಲಸದವರ ಮಕ್ಕಳಿಗೆ ಹೇಳದೆಯೇ ಗೊತ್ತಾಗುತ್ತೆ. ಗಾರೆ ಮಾತ್ರ ಮೂಲೆಹಂಚಿನ ಒಳಗೇ ಇರಲಿ. ಹೊರಗೆ ಕಂಡರೆ ನೀರು ಹೀರಿಕೊಳ್ಳುತ್ತೆ. ಜಗಲಿ ಮುಂದಕ್ಕೆ ಚಾಚಿರುವ ಕಡೆ ಎರಡು ಒಳಮೂಲೆ ಬಂದಿದೆ. ಅಲ್ಲಿ ನೀರು ಹರಿಯುವ ದೋಣಿಯ ತಗಡಿನ ಅಂಚು ಮಡಚುವುದಕ್ಕೂ ನನ್ನದೇ ಒಂದು ಕ್ರಮ ಇದೆ, ಬಂದು ನೋಡಿದರೆ ತೋರಿಸುತ್ತೇನೆ.

ಖರ್ಚು ನೆನಪಿನಿಂದ ಹೇಳುತ್ತಿದ್ದೇನೆ. ಕಬ್ಬಿಣ ನಾಲ್ಕು ಟನ್ ಹತ್ತಿರ, ಆಗಿನ ರೇಟಿಗೆ ಮೂರು ಲಕ್ಷ ದಾಟಿತು. ಹಂಚು ಬಾಡಿಗೆ ಸೇರಿ ಒಂದೂಕಾಲು ಲಕ್ಷ. ಶೀಟಿಗೆ ಒಂದು ಲಕ್ಷ ಚಿಲ್ಲರೆ. ಕೂಲಿ ಒಂದೂವರೆ ಲಕ್ಷದ ಒಳಗೆ. ಒಟ್ಟು ಏಳು ಲಕ್ಷ ಅಂದುಕೊಳ್ಳಿ. ಇದರಲ್ಲಿ ಶೀಟ್ ಮತ್ತು ಉದ್ದ ರೀಪಿನ ಪಾಲು ಹೆಚ್ಚೆಂದರೆ ಒಂದೂವರೆ ಲಕ್ಷ. ಊರವರ ತಕರಾರೆಲ್ಲ ಈ ಒಂದೂವರೆ ಲಕ್ಷದ ಮೇಲೆ. ಆಮೇಲೆ ಮಂಗ ಒಡೆದ ಹಂಚುಗಳನ್ನು ನಾನು ಮಳೆಗಾಲದಲ್ಲಿ ತಿರುಗಿಯೂ ನೋಡಿಲ್ಲ, ದೀಪಾವಳಿ ಕಳೆದ ಮೇಲೆ ಆರಾಮಾಗಿ ಬದಲಿಸುತ್ತೇನೆ. ಬರೀ ಶೀಟ್ ಮಾಡಿನಂತೆ ಸದ್ದೂ ಇಲ್ಲ, ಜೋರು ಮಳೆಯಲ್ಲೂ ಫೋನಿನಲ್ಲಿ ಮಾತಾಡಬಹುದು. ಚಳಿಗಾಲದ ಬೆಳಿಗ್ಗೆ ಶೀಟ್ ಬೆವರುವುದೂ ಇಲ್ಲ. ಮೂರಡಿ ಸೂರು ಇದ್ದರೂ ಪಡುವಣ ಗೋಡೆಗೆ ಸೋಗೆ ತಟ್ಟಿ ಕಟ್ಟುವುದು ಮಾತ್ರ ತಪ್ಪಿಲ್ಲ.

ಪಾಚಿಗೆ ಒಂದು ಪ್ರಯೋಗ ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮಿಶ್ರಣ) ಕೊಟ್ಟಿಗೆಯ ಹಂಚಿಗೆ ಹೊಡೆಸಿದೆ. ಪಾಚಿ ಹೋಯಿತು, ಹಂಚು ಹೊಸದಾಯಿತು, ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ನೋಡಿದರೆ ಸೂರಿನ ಜಿಐ ದೋಣಿಯಲ್ಲಿ ಮೊದಲು ಬಿಳಿ ಕಲೆ, ಆಮೇಲೆ ಸೂಜಿಮೊನೆಯಷ್ಟು ತೂತುಗಳು. ಮೈಲುತುತ್ತದ ತಾಮ್ರ ಇಳಿದ ನೀರು ಸತುವಿನ ಲೇಪವನ್ನು ತಿನ್ನುತ್ತೆ. ಕೆಳಗೆ ಶೀಟ್ ಇರುವ ಮಾಡಿಗಂತೂ ಇದನ್ನು ಮುಟ್ಟಿಸಲೇಬೇಡಿ. ನಾನೀಗ ಫೆಬ್ರವರಿಯಲ್ಲಿ ಗಟ್ಟಿ ಪೊರಕೆಯಿಂದ ಉಜ್ಜಿಸುತ್ತೇನೆ, ಅಷ್ಟೇ.

ಹೊಗೆ ಇರುವ ಕಡೆ ಈ ಕ್ರಮ ಬೇಡ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಇರುವಲ್ಲಿ ಹೊಗೆ ಹಂಚಿನ ಸಂದಿಯಲ್ಲೇ ಹೋಗಬೇಕು, ಮರದ ಪಕಾಸು ಕುಟ್ಟೆ (ಮರ ಕೊರೆಯುವ ಹುಳ) ಹಿಡಿಯದೆ ಉಳಿದಿರುವುದೂ ಆ ಹೊಗೆಯಿಂದಲೇ. ಹಾಗಾಗಿ ಬಚ್ಚಲುಮನೆಗೆ ಬರೀ ಹಂಚು. ಗಾಜಿನ ಹಂಚು ಇಡುವ ಕಡೆ ಕೆಳಗಿನ ಶೀಟೂ ಬೆಳಕು ಬಿಡುವಂಥದ್ದೇ ಆಗಬೇಕು, ಮೊದಲೇ ಗುರುತು ಹಾಕಿಕೊಳ್ಳಿ. ಸೂರಿನಲ್ಲೂ ನೆತ್ತಿಯಲ್ಲೂ ಗಾಳಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ನಮ್ಮಲ್ಲಿ ತೆಂಕಣ ಮೂಲೆಗೆ ಜಾಲರಿ ಸಾಲದೆ ಬಂದು ಆಮೇಲೆ ಹಾಕಿದರಾಯಿತು ಅಂತ ಬಿಟ್ಟಿದ್ದೆವು. ಅಷ್ಟರಲ್ಲಿ ತುಡುವೆ ಜೇನು ಬಂದು ಕೂತಿತು. ಅಮ್ಮ ತೆಗೆಯಲು ಬಿಡುತ್ತಿಲ್ಲ.

ಮಾವನ ಮನೆಗೆ ಈ ದೀಪಾವಳಿ ಮುಗಿದ ಮೇಲೆ ಕೆಲಸ ಶುರು. ಅವರದು ಮರದ ಪಕಾಸಿನ ಹಳೇ ಮನೆ, ಬೋಗಿ ಮರ, ಇನ್ನೂ ಗಟ್ಟಿ ಇದೆ. ಅದನ್ನು ಬಿಚ್ಚದೆ ಮೇಲೇ ಶೀಟ್ ಕೂರಿಸುವುದು ಅಂತ ನನ್ನ ಯೋಚನೆ. ಆಗಲ್ಲ ಅಂತ ಮೇಸ್ತ್ರಿಗಳು ಆಗಲೇ ಹೇಳೋಕೆ ಶುರು ಮಾಡಿದ್ದಾರೆ.