ನಳ ಬಂದ ದಿನಗಳು: ಆಟಿಸಂ ಮಕ್ಕಳ ದಿನಚರಿಯನ್ನು ಮೊಬೈಲಿನಲ್ಲಿ ದಾಖಲಿಸಿದ ನನ್ನ ಅನುಭವ

ವಿಜಯಪುರದಲ್ಲಿ ವಿಶೇಷ ಶಿಕ್ಷಕಿಯಾಗಿರುವ ನನಗೆ ಆಟಿಸಂ (ಮಾತು, ಒಡನಾಟ, ವರ್ತನೆಗಳ ಮೇಲೆ ಪರಿಣಾಮ ಬೀರುವ ಬೆಳವಣಿಗೆಯ ತೊಂದರೆ) ಇರುವ ಪ್ರತಿ ಮಗುವಿನ ಪಾಲಕರು ವಾರಕ್ಕೆ ಎರಡು ದಿನ, ಒಂದೊಂದು ತಾಸು ಮಾತ್ರ ಸಿಗುತ್ತಾರೆ. "ಈ ವಾರ ಹೇಗಿದ್ದ?" ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಹಿಂದಿನ ರಾತ್ರಿಯದ್ದಾಗಿರುತ್ತದೆ. ರಾತ್ರಿ ಚೆನ್ನಾಗಿ ಮಲಗಿದ್ದರೆ "ಆರಾಮ ಅದಾನ್ರಿ ಮೇಡಂ" ಎನ್ನುತ್ತಾರೆ. ಅತ್ತು ರಂಪ ಮಾಡಿದ್ದರೆ "ವಾರಾ ಪೂರ್ತಿ ಹೈರಾಣ ಮಾಡ್ಯಾನ್ರಿ" ಎನ್ನುತ್ತಾರೆ. ಎರಡೂ ಸುಳ್ಳಲ್ಲ, ಆದರೆ ಮುಂದಿನ ವಾರ ಏನು ಮಾಡಬೇಕೆಂದು ನಿರ್ಧರಿಸಲು ಎರಡೂ ಸಾಲುವುದಿಲ್ಲ. ನಡೆದದ್ದನ್ನು ನಡೆದ ದಿನವೇ ಬರೆದಿಡುವ ವ್ಯವಸ್ಥೆಯೊಂದು ಬೇಕೆನಿಸಿ ಮನೆಯವರ ಕೈಯಲ್ಲಿ ಹೇಗೂ ಇರುವ ಮೊಬೈಲನ್ನೇ ಬಳಸಲು ಹೊರಟೆ.

ಮೊದಲ ಪ್ರಯತ್ನ ಕೆಟ್ಟಿತು, ಮತ್ತು ಅದು ಕೆಟ್ಟದ್ದು ನನ್ನಿಂದಲೇ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವ ಐಎಸ್‌ಎಎ (ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ) ಮಾಪಕದಲ್ಲಿ ಆರು ವಿಭಾಗಗಳೂ 40 ಅಂಶಗಳೂ ಇವೆ. ಪ್ರತಿ ಅಂಶಕ್ಕೆ 1ರಿಂದ 5 ಅಂಕ. ಒಟ್ಟು 70ರಿಂದ 106 ಬಂದರೆ ಸೌಮ್ಯ, 107ರಿಂದ 153 ಬಂದರೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ ಎಂದು ಲೆಕ್ಕ. ತರಬೇತಿಯಲ್ಲಿ ಕಲಿತದ್ದು ಕೈಗೆ ಹತ್ತಿರವಿತ್ತು, ಹಾಗಾಗಿ ಅದೇ ಮಾದರಿಯಲ್ಲಿ ಉದ್ದನೆಯ ಪಟ್ಟಿಯೊಂದನ್ನು ಮೊಬೈಲಿನ ಫಾರ್ಮ್ ಆಗಿ ಮಾಡಿ ದಿನವೂ ತುಂಬಿರೆಂದು ಹೇಳಿದೆ. ಆ ಮಾಪಕದ ಅಂಕಗಳು ನಿಂತಿರುವುದೇ ಒಂದು ವರ್ತನೆ ಎಷ್ಟು ಪ್ರತಿಶತ ಕಾಲ ಕಾಣಿಸುತ್ತದೆ ಎಂಬುದರ ಮೇಲೆ. ತಜ್ಞರು ಮಗುವನ್ನು ನೋಡಿ, ಪಾಲಕರನ್ನು ಕೇಳಿ ಹಾಕಬೇಕಾದ ಅಂಕಗಳವು. ಮಂಗಳವಾರಕ್ಕೂ ಬುಧವಾರಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಎರಡು ವಾರದೊಳಗೆ ಹೆಚ್ಚಿನ ಮನೆಗಳು ತುಂಬುವುದನ್ನು ಬಿಟ್ಟವು. ಒಬ್ಬ ತಂದೆಯದು ಮಾತ್ರ ಏಳೂ ದಿನದ ಮಾಹಿತಿ ಚಾಚೂ ತಪ್ಪದೆ ಬಂದಿತ್ತು. ಆದರೆ ಫಾರ್ಮ್ ತಾನಾಗಿಯೇ ಗುರುತಿಸುವ ಸಮಯವನ್ನು ನೋಡಿದರೆ ಏಳನ್ನೂ ಅವರು ಭಾನುವಾರ ರಾತ್ರಿ 9.40ರಿಂದ 9.46ರ ನಡುವೆ ತುಂಬಿದ್ದರು. ಅವರನ್ನು ನಾನು ಏನೂ ಕೇಳಲಿಲ್ಲ, ಏಕೆಂದರೆ ದಿನವೂ ದುಡಿದು ಬರುವವರ ಮುಂದೆ 40 ಪ್ರಶ್ನೆಗಳನ್ನಿಟ್ಟವಳು ನಾನೇ.

ಎರಡನೆಯ ಸಲ ಗೂಗಲ್ ಫಾರ್ಮ್‌ನಲ್ಲಿ ಕನ್ನಡದಲ್ಲಿಯೇ ಐದು ಪ್ರಶ್ನೆಗಳನ್ನು ಬರೆದು, ಅದರ ಗುರುತನ್ನು ತಾಯಂದಿರ ಮೊಬೈಲಿನ ಮೊದಲ ಪರದೆಯ ಮೇಲೆಯೇ ಇಟ್ಟುಕೊಟ್ಟೆ. ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದ. ಇಂದು ಹೊಟ್ಟೆ ಸರಿಯಾಗಿ ಹೋಯಿತೇ. ಎಷ್ಟು ಸಲ ಗಲಾಟೆಯಾಯಿತು, ಅದರಲ್ಲಿ ಉದ್ದನೆಯದು ಎಷ್ಟು ನಿಮಿಷ. ಆ ಉದ್ದನೆಯ ಗಲಾಟೆಗೆ ಮೊದಲು ಏನು ನಡೆದಿತ್ತು, ಆಮೇಲೆ ನೀವು ಏನು ಮಾಡಿದಿರಿ. ಇಂದು ಅವನಾಗಿಯೇ ಮಾಡಿದ ಒಂದು ಒಳ್ಳೆಯ ಸಂಗತಿ ಯಾವುದು. ಇವುಗಳ ಕೆಳಗೆ "ಬೇರೆ ಏನಾದರೂ" ಎಂದು ಖಾಲಿ ಜಾಗವೊಂದನ್ನು ಬಿಟ್ಟೆ. ಹೊಟ್ಟೆಯ ಪ್ರಶ್ನೆ ಕೆಲವರಿಗೆ ವಿಚಿತ್ರವೆನಿಸಿತು. ಆದರೆ ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆಯೂ ನಿದ್ದೆಯ ತೊಂದರೆಯೂ ಸಾಮಾನ್ಯ, ಮತ್ತು ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಬಾರದ ಮಗು ಅದನ್ನು ಅಳುವಿನಲ್ಲಿಯೇ ಹೇಳಬೇಕಾಗುತ್ತದೆ.

"ಗಲಾಟೆ" ಎಂದರೇನು ಎಂಬುದನ್ನು ಮನೆಯವರೆಲ್ಲ ಕೂಡಿ ಒಪ್ಪಿಕೊಳ್ಳುವಂತೆ ಮಾಡುವುದೇ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿತು. ತಾಯಿಗೆ ಹಠವೆನಿಸಿದ್ದು ಆಯಿಗೆ, ಅಂದರೆ ಅಜ್ಜಿಗೆ, ಏನೂ ಅಲ್ಲ. ಆಯಿಗೆ ದೃಷ್ಟಿ ತಾಗಿದ್ದೆನಿಸಿದ್ದು ತಂದೆಗೆ ಬರೀ ಹಸಿವು. 1ರಿಂದ 5ರವರೆಗೆ ಅಂಕ ಹಾಕಿ ಎಂದರೆ ಒಂದೇ ಸಂಜೆಗೆ ತಾಯಿ 4 ಹಾಕಿದರೆ ಆಯಿ 1 ಹಾಕುತ್ತಿದ್ದರು. ಆದ್ದರಿಂದ ಅಂಕಗಳನ್ನು ಕೈಬಿಟ್ಟು ಕಣ್ಣಿಗೆ ಕಾಣುವುದನ್ನಷ್ಟೇ ಇಟ್ಟುಕೊಂಡೆವು: ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅತ್ತರೆ, ತನಗೆ ತಾನೇ ಹೊಡೆದುಕೊಂಡರೆ, ಅಥವಾ ಸಾಮಾನು ಎಸೆದರೆ ಅದು ಒಂದು ಗಲಾಟೆ, ನಿಂತ ಅಳು ಐದು ನಿಮಿಷದೊಳಗೆ ಮತ್ತೆ ಶುರುವಾದರೆ ಅದನ್ನೂ ಅದೇ ಗಲಾಟೆಯೊಳಗೆ ಎಣಿಸುವುದು. "ಹಠ" ಎಂಬ ಪದವನ್ನು ಫಾರ್ಮ್‌ನಲ್ಲಿ ಎಲ್ಲಿಯೂ ಬಳಸಲಿಲ್ಲ, ಏಕೆಂದರೆ ಆ ಪದ ಬರೆದೊಡನೆ ಕಾರಣವನ್ನು ಹುಡುಕುವ ಕೆಲಸ ಅಲ್ಲಿಗೇ ಮುಗಿದುಹೋಗುತ್ತದೆ.

ಹಗಲೆಲ್ಲ ಮಗುವಿನ ಜೊತೆಗಿರುವವರು ಮೊಬೈಲ್ ಬಳಸುವವರೇ ಆಗಿರುವುದಿಲ್ಲ. ಆರು ವರ್ಷದ ಒಬ್ಬ ಹುಡುಗನ ಮನೆಯಲ್ಲಿ ತಾಯಿ ಕೆಲಸಕ್ಕೆ ಹೋಗುತ್ತಿದ್ದರು, ನೋಡಿಕೊಳ್ಳುತ್ತಿದ್ದ ಆಯಿಗೆ ಓದು ಬರಹವಿರಲಿಲ್ಲ. ಅವರು ದೇವರ ಜಗಲಿಯ ಪಕ್ಕದಲ್ಲಿ ಸ್ಟೀಲಿನ ಬಟ್ಟಲೊಂದನ್ನಿಟ್ಟು ಪ್ರತಿ ಗಲಾಟೆಗೆ ಒಂದು ಹುಣಸೆ ಬೀಜ ಹಾಕತೊಡಗಿದರು. ಸೊಸೆ ರಾತ್ರಿ ಬೀಜಗಳನ್ನೆಣಿಸಿ ಫಾರ್ಮ್ ತುಂಬುತ್ತಿದ್ದರು. ಹೊತ್ತಿನ ಲೆಕ್ಕವನ್ನು ಆಯಿ ತಮ್ಮದೇ ರೀತಿಯಲ್ಲಿ, "ಎರಡು ರೊಟ್ಟಿ ಬೇಯೂತನಕಾ ಅತ್ತಾನ" ಎಂದು ಹೇಳುತ್ತಿದ್ದರು. ನನ್ನ ಮೊದಲಿನ 40 ಪ್ರಶ್ನೆಗಳಿಗಿಂತ ಆ ಬಟ್ಟಲು ಎಷ್ಟೋ ಮೇಲಾಗಿತ್ತು. ನೆನಪಿಸುವ ಅಲಾರಂ ಅನ್ನು ನಾನು ಮೊದಲು ಸಂಜೆ ಏಳಕ್ಕೆ ಇಟ್ಟಿದ್ದೆ. ಅದು ರೊಟ್ಟಿ ಬಡಿಯುವ ಹೊತ್ತು, ಕೈಯೆಲ್ಲ ಹಿಟ್ಟು. ಒಂಬತ್ತೂವರೆಗೆ ಬದಲಿಸಿದ ಮೇಲೆ ತುಂಬುವ ದಿನಗಳ ಸಂಖ್ಯೆ ಹೆಚ್ಚಿತು.

ಇದೇ ಮನೆಯ ದಾಖಲೆಯನ್ನು ಕೊಂಚ ವಿವರವಾಗಿ ಹೇಳಬೇಕು. ಐದು ವಾರಗಳಲ್ಲಿ ಅವರು 31 ದಿನ ತುಂಬಿದ್ದರು. ಮೊದಲ ಎರಡು ವಾರ ಏನನ್ನೂ ಬದಲಿಸದೆ ಬರೀ ಬರೆಯಿರಿ ಎಂದು ಹೇಳಿದ್ದೆ, ಏಕೆಂದರೆ ಮೊದಲಿನ ಸ್ಥಿತಿ ಗೊತ್ತಿಲ್ಲದಿದ್ದರೆ ಆಮೇಲಿನ ಬದಲಾವಣೆಯನ್ನು ಯಾವುದಕ್ಕೆ ಹೋಲಿಸುವುದು? ಒಟ್ಟು 9 ದಿನ ಗಲಾಟೆ 20 ನಿಮಿಷ ದಾಟಿತ್ತು, ಬಹುತೇಕ ಸಂಜೆಯ ಹೊತ್ತಿನಲ್ಲಿ. "ಮೊದಲು ಏನು ನಡೆದಿತ್ತು" ಎಂಬಲ್ಲಿ "ಏನೂ ಇಲ್ಲ, ಸುಮ್ಮನೆ" ಎಂದಿತ್ತು. ಕಾರಣ ಸಿಕ್ಕಿದ್ದು ನಾನು ಓದದೆ ದಾಟಿಸಿಬಿಡುತ್ತಿದ್ದ "ಬೇರೆ ಏನಾದರೂ" ಅಂಕಣದಲ್ಲಿ. ಆ 9 ದಿನಗಳ ಪೈಕಿ 6 ದಿನ ಫಾರ್ಮ್ ರಾತ್ರಿ ಹನ್ನೊಂದರ ಮೇಲೆ ಬಂದಿತ್ತು, ಜೊತೆಗೆ ತಾಯಿಯ ಸಮಜಾಯಿಷಿ: "ನಳ ಬಂದಿದ್ವು ಮೇಡಂ, ಅದಕ ತಡಾ ಆತು."

ನಮ್ಮ ಊರಿನಲ್ಲಿ ನಳ, ಅಂದರೆ ನಲ್ಲಿಯ ನೀರು, ಬರುವುದು ಕೆಲವು ದಿನಗಳಿಗೊಮ್ಮೆ. ಬಂದಾಗ ಮನೆ ಮಂದಿಯೆಲ್ಲ ಕೆಲಸ ಬಿಟ್ಟು ಮೋಟರ್ ಹಚ್ಚಿ, ಟಾಕಿ, ಬ್ಯಾರಲ್, ಕೊಡ ಎಲ್ಲವನ್ನೂ ತುಂಬಿಕೊಳ್ಳುತ್ತಾರೆ. ಮೋಟರಿನ ಸದ್ದೇ ಕಾರಣವಿರಬೇಕೆಂದು ನಾನು ಒಂದೇ ಏಟಿಗೆ ತೀರ್ಮಾನಿಸಿ ಕಿವಿಗೆ ಹಾಕುವ ಸದ್ದು ತಡೆಯುವ ಸಾಧನವನ್ನು ತರಲು ಹೇಳಿದೆ. 800 ರೂಪಾಯಿ ಖರ್ಚಾಯಿತು. ಹುಡುಗ ಅದನ್ನು ಎರಡು ನಿಮಿಷವೂ ಕಿವಿಯ ಮೇಲಿಟ್ಟುಕೊಳ್ಳಲಿಲ್ಲ, ಗಲಾಟೆಯೂ ಕಡಿಮೆಯಾಗಲಿಲ್ಲ. ಆಮೇಲೆ ತಂದೆಯ ಬಳಿ ಕುಳಿತು ಆ ಸಂಜೆಗಳನ್ನು ಬಿಡಿಬಿಡಿಯಾಗಿ ಕೇಳಿದಾಗ, ಅವರು ದಿನವೂ ಸಂಜೆ ಮಗನನ್ನು ಬೈಕಿನಲ್ಲಿ ರೈಲ್ವೆ ಗೇಟಿನವರೆಗೆ ಕರೆದೊಯ್ದು ರೈಲು ತೋರಿಸುತ್ತಿದ್ದರೆಂದೂ ನಳ ಬಂದ ದಿನ ಅದು ತಪ್ಪುತ್ತಿತ್ತೆಂದೂ ತಿಳಿಯಿತು. ಮುಂದಿನ ಸಲ ನೀರಿನ ಕೆಲಸವನ್ನು ಕಾಕಾನಿಗೆ ಒಪ್ಪಿಸಿ ತಂದೆ ಎಂದಿನಂತೆ ಅವನನ್ನು ಕರೆದೊಯ್ದರು. ಮರಳಿ ಬಂದಾಗ ಮೋಟರ್ ಇನ್ನೂ ಓಡುತ್ತಿತ್ತು. ಹುಡುಗ ಅದರ ಪಕ್ಕದಲ್ಲಿಯೇ ಕುಳಿತು ನೀರು ಬೀಳುವುದನ್ನು ನೋಡುತ್ತಿದ್ದನಂತೆ.

ಪ್ರತಿ ಸಲವೂ ಕಾಕಾ ಸಿಗುವುದಿಲ್ಲವಾದ್ದರಿಂದ ಎರಡು ಚಿತ್ರಗಳ ಚೀಟಿಗಳನ್ನು ಮಾಡಿದೆವು: ಮೊದಲು ಬ್ಯಾರಲ್, ಆಮೇಲೆ ರೈಲು. ನಳ ಬಂದೊಡನೆ ಅವನ್ನು ಬಾಗಿಲಿನ ಮೇಲೆ ಅಂಟಿಸುವುದು, ಎಷ್ಟೇ ತಡವಾದರೂ ಗೇಟಿನವರೆಗೆ ಒಂದು ಸುತ್ತು ಹೋಗಿಬರುವುದು. ಮೊದಮೊದಲು ಅತ್ತ, ಆದರೆ ಮುಂದಿನ ಆರು ವಾರಗಳಲ್ಲಿ 20 ನಿಮಿಷ ದಾಟಿದ ಗಲಾಟೆ ಎರಡೇ ಸಲ ಆಯಿತು. ಹಿಂದಿನ 9ರಲ್ಲಿ ಉಳಿದ ಮೂರು ದಿನಗಳ ಪೈಕಿ ಎರಡರಲ್ಲಿ ಹೊಟ್ಟೆ ಹೋಗದೆ ಮೂರು ದಿನವಾಗಿತ್ತು. ಅದಕ್ಕಾಗಿ ಮಕ್ಕಳ ವೈದ್ಯರ ಬಳಿಗೆ ಕಳುಹಿಸಿದೆ. ಎರಡು ಬದಲಾವಣೆಗಳನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ ಎಂಬುದನ್ನು ಈಗ ಎಲ್ಲ ಪಾಲಕರಿಗೂ ಮೊದಲೇ ಹೇಳುತ್ತೇನೆ, ವೈದ್ಯರು ತಡಮಾಡಬಾರದೆಂದ ಚಿಕಿತ್ಸೆಯನ್ನು ಬಿಟ್ಟು.

ಗೂಗಲ್ ಫಾರ್ಮ್ ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲ. ಹಾಗಾಗಿ ಸಿಂದಗಿ ಕಡೆಯ ಹಳ್ಳಿಯ ಒಂದು ಕುಟುಂಬಕ್ಕೆ ಲೂಪ್ ಹ್ಯಾಬಿಟ್ ಟ್ರ್ಯಾಕರ್ ಎಂಬ ಆ್ಯಪ್ ಹಾಕಿಕೊಟ್ಟೆ. ಅದು ಉಚಿತ, ಖಾತೆ ತೆರೆಯಬೇಕಿಲ್ಲ, ಮಾಹಿತಿ ಮೊಬೈಲಿನಲ್ಲಿಯೇ ಉಳಿಯುತ್ತದೆ. ಧ್ವನಿಯಿಂದ ಕನ್ನಡ ಟೈಪ್ ಮಾಡುವ ಸೌಲಭ್ಯವನ್ನು ಕೆಲವರಿಗೆ ಕಲಿಸಿದೆನಾದರೂ ನಮ್ಮ ಕಡೆಯ ಮಾತನ್ನು ಅದು ಏನೇನೋ ಮಾಡಿ ಬರೆಯುತ್ತದೆ. ಅಂಥವರಿಗೆ ವಾಟ್ಸಾಪ್ ಧ್ವನಿ ಸಂದೇಶವೇ ವಾಸಿ.

ವಾಟ್ಸಾಪ್ ವಿಷಯದಲ್ಲಿ ಒಂದು ಎಡವಟ್ಟೂ ಆಯಿತು. ಗಲಾಟೆಯ ವಿಡಿಯೋ ಇದ್ದರೆ ಕಳುಹಿಸಿ ಎಂದು ಒಂದು ಮನೆಗೆ ಹೇಳಿದ್ದೆ. ಅಲ್ಲಿ ಯಾರೋ ಅದನ್ನು ಬಂಧುಬಳಗದ ಗುಂಪಿಗೆ ಹಾಕಿ, ಅಳುವ ಮಗುವಿನ ಬಗ್ಗೆ ಹತ್ತಾರು ಸಲಹೆಗಳು ಬಂದು, ತಾಯಿ ಹದಿನೈದು ದಿನ ನನ್ನ ಬಳಿಗೆ ಬರಲಿಲ್ಲ. ಅಂದಿನಿಂದ ವಿಡಿಯೋ ಕೇಳುವುದನ್ನು ಬಿಟ್ಟೆ. ಹಾಳೆಯಲ್ಲಿ ಮಗುವಿನ ಹೆಸರಿನ ಬದಲು ಸಂಖ್ಯೆಯನ್ನಷ್ಟೇ ಬರೆಯುತ್ತೇನೆ ಮತ್ತು ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುತ್ತೇನೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಬೇಡುತ್ತದೆ.

ದಾಖಲೆಯಿಂದ ಹೆಚ್ಚು ಉಪಯೋಗವಾದದ್ದು ವೈದ್ಯರ ಭೇಟಿಯಲ್ಲಿ. ಇಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಿಬರಲು ಇಡೀ ದಿನ ಬೇಕು. ಅಷ್ಟು ದೂರ ಹೋದವರು ಕೆಲವೇ ನಿಮಿಷಗಳಲ್ಲಿ ಎರಡು ತಿಂಗಳನ್ನು ನೆನಪಿಸಿಕೊಂಡು ಹೇಳಬೇಕಾಗುತ್ತದೆ. ನಾನು ನಿದ್ದೆ, ಗಲಾಟೆ, ಹೊಟ್ಟೆ ಈ ಮೂರರ ವಾರದ ಲೆಕ್ಕವನ್ನು ಒಂದೇ ಪುಟದಲ್ಲಿ ಮುದ್ರಿಸಿಕೊಡುತ್ತೇನೆ. ಸಿಡುಕು, ಆಕ್ರೋಶ ತಗ್ಗಿಸಲು ಕೊಡುವ ರಿಸ್ಪೆರಿಡೋನ್‌ನಂಥ ಔಷಧಿ ಆರಂಭಿಸಿದಾಗ ಹಸಿವೂ ತೂಕಡಿಕೆಯೂ ಹೆಚ್ಚಬಹುದಾದ್ದರಿಂದ ಅಂಥ ಮಕ್ಕಳಿಗೆ ಊಟದ ಪ್ರಶ್ನೆಯೊಂದನ್ನು ಸೇರಿಸುತ್ತೇನೆ. ಆದರೆ ಈ ಪುಟದ ಬಲದ ಮೇಲೆ ಮನೆಯವರಾಗಲಿ ನಾನಾಗಲಿ ಔಷಧಿಯ ಪ್ರಮಾಣವನ್ನು ಮುಟ್ಟುವುದಿಲ್ಲ.

ತಪ್ಪಿದ ದಿನವನ್ನು ನೆನಪಿನಿಂದ ತುಂಬಬೇಡಿ, ಖಾಲಿ ಬಿಡಿ ಎಂದು ಹೇಳುತ್ತೇನೆ. ವಾರಕ್ಕೆ ನಾಲ್ಕು ದಿನ ನಿಜವಾಗಿ ತುಂಬಿದ್ದರೆ ನನಗೆ ಸಾಕು. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಯ ಸಿಡಿಮದ್ದು ಸುಡುವ ದಿನಗಳಲ್ಲಿ ನಿದ್ದೆ ಕೆಟ್ಟದ್ದು ಹಿಂದಿನ ವರ್ಷದ ಹಾಳೆಯಲ್ಲಿ ಕಂಡುಬಂದ ಕುಟುಂಬವೊಂದು ಮರುವರ್ಷ ಆ ರಾತ್ರಿಗಳಿಗೆ ಮಗುವನ್ನು ಹಳ್ಳಿಗೆ ಕರೆದೊಯ್ದಿತು.

ಐದನೆಯ ಪ್ರಶ್ನೆಯನ್ನು, ಅಂದರೆ ಒಳ್ಳೆಯ ಸಂಗತಿಯನ್ನು, ತುಂಬದೆ ಫಾರ್ಮ್ ಮುಂದೆ ಹೋಗದಂತೆ ಮಾಡಿದ್ದೇನೆ. ದಿನವೂ ಮಗನ ತಪ್ಪುಗಳನ್ನಷ್ಟೇ ಎಣಿಸುವ ಕೆಲಸವನ್ನು ತಾಯಿಗೆ ಕೊಡಬಾರದೆಂಬುದು ನನ್ನ ಅಭಿಪ್ರಾಯ. ರೈಲಿನ ಹುಡುಗನ ಮನೆಯಲ್ಲಿ ಈಗ ದಿನವೂ ತುಂಬುವುದಿಲ್ಲ. ಶಾಲೆ ಬದಲಾದಾಗ, ಔಷಧಿ ಬದಲಾದಾಗ ಎರಡು ವಾರ ತುಂಬಿ ನಿಲ್ಲಿಸುತ್ತಾರೆ. ಕಳೆದ ಸಲದ ಐದನೆಯ ಉತ್ತರದಲ್ಲಿ ಹೀಗಿತ್ತು: "ನಳ ಬಂದ್ವು ಅಂತ ಅವನ ಬ್ಯಾರಲ್ ಚೀಟಿ ತಂದು ನನ್ನ ಕೈಯಾಗ ಕೊಟ್ಟಾನ್ರಿ."