ಬಾಸ್ ಮೀನಿಗೆ ಮೊದಲ ರಾಡು, ರೀಲು: ನೂರು ಡಾಲರ್ ಒಳಗೆ ಆರಿಸುವುದು ಹೇಗೆ?

ಡಾಲಸ್ ಸುತ್ತಮುತ್ತಲ ಬಡಾವಣೆಗಳಲ್ಲಿ ಒಂದು ಸಣ್ಣ ಕೆರೆ ಕಾಣದ ಜಾಗ ಕಡಿಮೆ. ಸಂಜೆ ವಾಕಿಂಗ್ ಹೋದಾಗ ಜೊಂಡಿನ ಪಕ್ಕ ಗುಳುಂ ಎಂದು ನೀರು ಒಡೆಯುತ್ತದೆ. ಸಣ್ಣ ಮೀನುಗಳು ಚದುರಿ ಓಡುತ್ತವೆ. ಬಹಳ ಸಲ ಅದು ಲಾರ್ಜ್‌ಮೌತ್ ಬಾಸ್. ಊರಿನ ಕೆರೆ ದಡದಲ್ಲಿ ಬಿದಿರು ಕೋಲು, ಬೆಂಡು, ಎರೆಹುಳ ಹಿಡಿದು ಕೂತು ಬೆಳೆದವರಿಗೆ ಆ ಸದ್ದು ಕೇಳಿದರೆ ಕೈ ಸುಮ್ನೆ ಇರುವುದಿಲ್ಲ.

ಆದರೆ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಗೋಡೆ ತುಂಬಾ ರಾಡುಗಳು. 20 ಡಾಲರಿನದ್ದೂ ಇದೆ, 500 ಡಾಲರಿನದ್ದೂ ಇದೆ. ನೋಡಲು ಎಲ್ಲವೂ ಒಂದೇ ಥರ. ಹೊಸಬರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಕೆಲವರು ಎಲ್ಲಕ್ಕಿಂತ ಅಗ್ಗದ್ದನ್ನು ತಂದು ತಿಂಗಳಲ್ಲಿ ಗ್ಯಾರೇಜಿಗೆ ಎಸೆಯುತ್ತಾರೆ. ಇನ್ನು ಕೆಲವರು ದೋಣಿ ಮೇಲೆ ನಿಂತು ಪಂದ್ಯ ಆಡುವವರ ಸಾಮಾನು ಕೊಂಡು, ದಡದ ಮೇಲೆ ನಿಂತು ಒದ್ದಾಡುತ್ತಾರೆ. ನೀವು ನಿಲ್ಲುವ ದಡ ಯಾವುದೋ ಅದಕ್ಕೆ ಹೊಂದುವ ಒಂದೇ ಒಂದು ಸೆಟ್ ಸಾಕು. 80ರಿಂದ 100 ಡಾಲರಿನಲ್ಲಿ ಅದು ಚೆನ್ನಾಗಿಯೇ ಸಿಗುತ್ತದೆ.

ಕೊಳ್ಳುವ ಮೊದಲು ಕೇಳಿ ತನ್ನಿ

ಮೊದಲ ಹೆಜ್ಜೆಗೆ ದುಡ್ಡೇ ಬೇಡ. ಟೆಕ್ಸಸ್ ವನ್ಯಜೀವಿ ಇಲಾಖೆಯ ಒಂದು ಯೋಜನೆ ಇದೆ. ಹಲವು ಸ್ಟೇಟ್ ಪಾರ್ಕುಗಳಲ್ಲಿ ರಾಡು, ದಾರ ಸುತ್ತುವ ರೀಲು, ಕೊಕ್ಕೆ ಎಲ್ಲವನ್ನೂ ಒಂದು ವಾರದ ಮಟ್ಟಿಗೆ ಸುಮ್ಮನೆ ಕೊಡುತ್ತಾರೆ. ಸ್ಟೇಟ್ ಪಾರ್ಕಿನ ಒಳಗೆ ದಡದಿಂದ ಮೀನು ಹಿಡಿಯಲು ಲೈಸೆನ್ಸ್ ಕೂಡ ಬೇಕಿಲ್ಲ, ಪ್ರವೇಶದ ಚೀಟಿ ಇದ್ದರಾಯಿತು. ಜೋ ಪೂಲ್ ಕೆರೆಯ ಮೇಲಿರುವ ಸೀಡರ್ ಹಿಲ್ ಡಾಲಸ್‌ನವರಿಗೆ ಹತ್ತಿರ. ಹೊರಡುವ ಮೊದಲು ಫೋನ್ ಮಾಡಿ, ಸಾಮಾನು ಇದೆಯಾ ಎಂದು ಕೇಳಿಕೊಳ್ಳಿ. ಎರಡು ವಾರಾಂತ್ಯ ಹೀಗೆ ಎಸೆದು ನೋಡಿದರೆ, ನಿಮ್ಮ ಕೈಗೆ ಏನು ಒಗ್ಗುತ್ತದೆ ಎಂದು ಯಾವ ಅಂಗಡಿಯವರಿಗಿಂತ ಚೆನ್ನಾಗಿ ನಿಮಗೇ ಗೊತ್ತಾಗುತ್ತದೆ.

ಬೇರೆ ಸಾರ್ವಜನಿಕ ಕೆರೆಗಳಲ್ಲಿ 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಬಡಾವಣೆಯ ಕೆರೆಯಾದರೆ ಸಂಘದ ಬೋರ್ಡು ಓದಿ. ಕೆಲವು ಕಡೆ ಹಿಡಿದು ಬಿಡಬಹುದು, ಮನೆಗೆ ಒಯ್ಯುವಂತಿಲ್ಲ.

ಯಾವ ರೀಲು?

ಬಾಸ್ ಹೊಂಚು ಹಾಕುವ ಮೀನು. ನಮ್ಮ ಕಡೆ ಕೊರವ ಮೀನು ಜೊಂಡಿನೊಳಗೆ ಅಡಗಿದ್ದು ಕಪ್ಪೆ ಮೇಲೆ ಎರಗುತ್ತದಲ್ಲ, ಅದೇ ಬುದ್ಧಿ. ಮುಳುಗಿದ ಮರ, ಕಳೆ, ಕಟ್ಟೆಯ ನೆರಳು, ಇವುಗಳ ಮಗ್ಗುಲಲ್ಲೇ ಇರುತ್ತದೆ. ಹಾಗಾಗಿ ಬೆಂಡು ನೋಡುತ್ತಾ ಒಂದೇ ಕಡೆ ಕೂರುವ ಕೆಲಸ ಇದಲ್ಲ. ನಡೆಯುತ್ತಾ ಎಸೆಯಬೇಕು, ಎಳೆಯಬೇಕು, ಮತ್ತೆ ಎಸೆಯಬೇಕು. ಒಂದು ಸಂಜೆಗೆ ಇನ್ನೂರು ಸಲವಾದರೂ ಎಸೆಯುತ್ತೀರಿ.

ಅಂಗಡಿಯಲ್ಲಿ ಮೂರು ಬಗೆಯ ರೀಲು ಕಾಣುತ್ತವೆ. ಗುಂಡಿ ಒತ್ತಿ ಬಿಡುವ, ಮುಚ್ಚಳ ಇರುವ ರೀಲು ಒಂದು. ಅಮೆರಿಕದ ಎಷ್ಟೋ ಮಕ್ಕಳ ಮೊದಲ ರೀಲು ಅದೇ. ಓಕ್ಲಹೋಮದ ಟಲ್ಸಾದಲ್ಲಿ ಬಾಂಬ್ ತಯಾರಿಸುತ್ತಿದ್ದ ಝೀರೋ ಅವರ್ ಬಾಂಬ್ ಕಂಪನಿ 1949ರಲ್ಲಿ ಇಂಥ ಮುಚ್ಚಳದ ರೀಲು ಮಾಡಿತು. ಆ ಹೆಸರೇ ಮೊಟಕಾಗಿ ಝೆಬ್ಕೋ ಆಗಿದೆ. ಆರೇಳು ವರ್ಷದ ಮಗುವಿಗೆ ಒಳ್ಳೆಯದು. ದೊಡ್ಡವರಿಗೆ ಬೇಗ ಸಾಕೆನಿಸುತ್ತದೆ.

ಎರಡನೆಯದು ಬೇಟ್‌ಕಾಸ್ಟರ್. ರಾಡಿನ ಮೇಲ್ಗಡೆ ಕೂರುತ್ತದೆ. ಟಿವಿಯಲ್ಲಿ ಪಂದ್ಯ ಆಡುವವರ ಕೈಯಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ದಪ್ಪ ದಾರ, ಭಾರದ ಲೂರ್ (ಮೀನನ್ನು ಸೆಳೆಯುವ ನಕಲಿ ಹುಳ, ನಕಲಿ ಮೀನು), ಗಟ್ಟಿ ಕಳೆ ಇದ್ದಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಎಸೆದಾಗ ಒಳಗಿನ ಉರುಳೆ ದಾರಕ್ಕಿಂತ ಜೋರಾಗಿ ತಿರುಗಿತೋ, ದಾರ ಅಲ್ಲೇ ಸುತ್ತಿಕೊಂಡು ಗೋಜಲಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಹದ ಹಿಡಿಯಲು ವಾರಗಟ್ಟಲೆ ಬೇಕು. ಗಾಳಿ ಜಾಸ್ತಿ ಇರುವ ಟೆಕ್ಸಸ್‌ನಲ್ಲಿ ಇನ್ನೂ ಕಷ್ಟ. ಅಗ್ಗದ ಬೇಟ್‌ಕಾಸ್ಟರ್ ಆದರಂತೂ ಕಲಿಯುವವರ ಉತ್ಸಾಹವನ್ನೇ ಕೊಂದುಬಿಡುತ್ತದೆ.

ಮೊದಲ ಸಲಕ್ಕೆ ಮೂರನೆಯದನ್ನು, ಅಂದರೆ ಸ್ಪಿನ್ನಿಂಗ್ ರೀಲನ್ನು ತೆಗೆದುಕೊಳ್ಳಿ. ರಾಡಿನ ಕೆಳಗೆ ತೂಗುತ್ತದೆ. ಹಗುರ ಲೂರ್ ಕೂಡ ದೂರ ಹೋಗುತ್ತದೆ. ಹ್ಯಾಂಡಲ್ ಬಿಚ್ಚಿ ಎಡಕ್ಕೋ ಬಲಕ್ಕೋ ಹಾಕಿಕೊಳ್ಳಬಹುದು, ಹಾಗಾಗಿ ಮನೆಯಲ್ಲಿ ಎಡಗೈಯವರಿದ್ದರೂ ಒಂದೇ ಸಾಕು. ಅಳತೆ 2500 ಇರಲಿ. ಕೆಲವು ಕಂಪನಿಗಳು ಇದನ್ನೇ 25 ಅಥವಾ 30 ಎಂದು ಬರೆಯುತ್ತವೆ. 4000 ಬೇಡ, ಕೈ ನೋವು ಬರುತ್ತದೆ.

ರಾಡಿನ ಮೇಲಿನ ಸಣ್ಣ ಅಕ್ಷರ

ರಾಡನ್ನು ಕೈಗೆ ತೆಗೆದುಕೊಂಡು ಹಿಡಿಕೆಯ ಸ್ವಲ್ಪ ಮೇಲೆ ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಬೆಲೆ ಚೀಟಿಗಿಂತ ಮುಂಚೆ ಅದನ್ನು ಓದಬೇಕು. ಉದ್ದ, ಬಲ (ಪವರ್), ಬಾಗು (ಆ್ಯಕ್ಷನ್), ದಾರ ಎಷ್ಟು ಪೌಂಡ್ ಎಳೆತ ತಡೆಯುವಂಥದ್ದು, ಲೂರ್ ಎಷ್ಟು ಔನ್ಸ್, ಎಲ್ಲ ಅಲ್ಲೇ ಇದೆ.

ಉದ್ದ ಆರೂವರೆಯಿಂದ ಏಳು ಅಡಿ. ದಡದಲ್ಲಿ ಮರದ ಕೊಂಬೆ ಜಾಸ್ತಿ ಇದ್ದರೆ ಆರೂವರೆ, ಬಯಲಾದರೆ ಏಳು. ಬಲ ಮೀಡಿಯಂ. ಬಲ ಎಂದರೆ ರಾಡು ಬಾಗಲು ಎಷ್ಟು ಜೋರು ಬೇಕು ಎನ್ನುವುದು. ಬಾಗು ಫಾಸ್ಟ್. ಬಾಗು ಎಂದರೆ ಎಲ್ಲಿಂದ ಬಾಗುತ್ತದೆ ಎನ್ನುವುದು. ಫಾಸ್ಟ್ ರಾಡು ತುದಿಯ ಮೂರನೇ ಒಂದು ಭಾಗ ಮಾತ್ರ ಬಾಗಿ ಉಳಿದದ್ದು ಗಟ್ಟಿ ನಿಲ್ಲುತ್ತದೆ. ಮೀನು ಕಚ್ಚಿದಾಗ ಕೊಕ್ಕೆ ನಾಟಲು ಆ ಗಟ್ಟಿತನ ಬೇಕು. ಈ ಎರಡು ಪದ ಬೇರೆ ಬೇರೆ ಎಂದು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು.

ದಾರ 6ರಿಂದ 12 ಪೌಂಡ್, ಲೂರ್ ಕಾಲು ಔನ್ಸಿನಿಂದ ಅರ್ಧ ಔನ್ಸಿನ ಆಸುಪಾಸು ಎಂದಿದ್ದರೆ ಅದು ನಿಮ್ಮ ರಾಡು. ಪ್ಲಾಸ್ಟಿಕ್ ಹುಳ, ತಿರುಗುವ ತಗಡಿನ ಸಣ್ಣ ಸ್ಪಿನ್ನರ್, ನೀರ ಮೇಲೆ ತೇಲುವ ಲೂರ್, ಎಲ್ಲವನ್ನೂ ಇದು ತಡೆದುಕೊಳ್ಳುತ್ತದೆ.

ಇನ್ನು ವಸ್ತು. ಪೂರ್ತಿ ಗ್ರಾಫೈಟ್ ಹಗುರ. ಹುಳವನ್ನು ಬಾಸ್ ಬಾಯಿಗೆ ಎಳೆದುಕೊಂಡಾಗ ಟಕ್ ಎಂದು ಒಂದೇ ಒಂದು ಸಣ್ಣ ತಟ್ಟು ಬರುತ್ತದೆ. ಒಳ್ಳೆ ಗ್ರಾಫೈಟ್ ರಾಡು ಆ ತಟ್ಟನ್ನು ಅಂಗೈವರೆಗೆ ತರುತ್ತದೆ. ಆದರೆ ಕಾರಿನ ಬಾಗಿಲಿಗೆ ಸಿಕ್ಕರೆ ಮುರಿದೇ ಹೋಯಿತು. ಗ್ಲಾಸ್ ಫೈಬರ್ ಬೆರೆಸಿದ್ದು ಭಾರ, ಆದರೆ ಒರಟು ಕೈಗೂ ಬಾಳುತ್ತದೆ. ಶೇಕ್ಸ್‌ಪಿಯರ್ ಕಂಪನಿ 1976ರಲ್ಲಿ ತಂದ ಅಗ್ಲಿ ಸ್ಟಿಕ್ ಹೆಸರು ಮಾಡಿದ್ದೇ ಆ ಗಟ್ಟಿತನಕ್ಕೆ. ಮಕ್ಕಳ ಜೊತೆ ಹೋಗುವವರಿಗೆ ನಾನು ಇದನ್ನೇ ಹೇಳುವುದು. ಅದರ ಜಿಎಕ್ಸ್2 ರಾಡು ರೀಲು ಎರಡೂ ಸೇರಿ ಸುಮಾರು 50–60 ಡಾಲರಿಗೆ ಬರುತ್ತದೆ. ಒಬ್ಬರೇ ಹೋಗಿ ಹುಳ ಹಾಕಿ ನಿಧಾನವಾಗಿ ಆಡಿಸುವವರಾದರೆ ಗ್ರಾಫೈಟ್ ತೆಗೆದುಕೊಳ್ಳಿ. ಚಿಕ್ಕ ಕಾರು, ಅಪಾರ್ಟ್‌ಮೆಂಟ್ ಇದ್ದವರು ಎರಡು ತುಂಡಿನ ರಾಡಿಗೆ ಹಿಂಜರಿಯಬೇಕಿಲ್ಲ.

ದಾರ ಓಡುವ ಉಂಗುರಗಳನ್ನೂ ನೋಡಿ. ನಾನು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಕಿವಿಗೆ ಹಾಕುವ ಒಂದೆರಡು ಹತ್ತಿಕಡ್ಡಿ ಇಟ್ಟುಕೊಂಡಿರುತ್ತೇನೆ. ಹತ್ತಿಯನ್ನು ಪ್ರತಿ ಉಂಗುರದ ಒಳಗೆ ಒಂದು ಸುತ್ತು ತಿರುಗಿಸಿ. ನೂಲೆಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಬಿರುಕು ದಾರವನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ. ಹಳೆಯ ರಾಡು ಕೊಳ್ಳುವವರಂತೂ ಇದನ್ನು ಬಿಡಲೇಬಾರದು.

ರೀಲನ್ನು ಕೈಯಲ್ಲಿ ಪರೀಕ್ಷಿಸುವುದು

ಡಬ್ಬದ ಮೇಲೆ ‘10 ಬೇರಿಂಗ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಹತ್ತು ಕಳಪೆ ಬೇರಿಂಗಿಗಿಂತ ಮೂರು ಒಳ್ಳೆಯದು ಮೇಲು. ಶಿಮಾನೋ ಸಿಯೆನ್ನಾ ಮೂರು ನಾಲ್ಕೇ ಬೇರಿಂಗಿನ ಅಗ್ಗದ ರೀಲು, ಆದರೂ ನುಣ್ಣಗೆ ತಿರುಗುತ್ತದೆ. ಇನ್ನೊಂದಿಷ್ಟು ದುಡ್ಡು ಹಾಕುವುದಾದರೆ ಫ್ಲೂಗರ್ ಪ್ರೆಸಿಡೆಂಟ್ ಬಹಳ ಜನ ಮೆಚ್ಚಿದ ರೀಲು.

ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ಜೋರಾಗಿ ಬೇಡ, ಜೋರಾಗಿ ತಿರುಗಿಸಿದರೆ ಎಲ್ಲ ರೀಲೂ ಚೆನ್ನಾಗಿಯೇ ಕಾಣುತ್ತದೆ. ಮರಳು ಸಿಕ್ಕಂತೆ ಕರಕರ ಎಂದರೆ ಬೇಡ. ಹ್ಯಾಂಡಲನ್ನು ಹಿಂದಕ್ಕೆ ಒತ್ತಿ. ಅಲ್ಲಾಡದೆ ನಿಲ್ಲಬೇಕು. ದಾರವನ್ನು ತಡೆದು ಹಿಡಿಯುವ ಬೇಲ್ ಎನ್ನುವ ಕಂಬಿಯನ್ನು ಹತ್ತು ಸಲ ತೆಗೆದು ಮುಚ್ಚಿ. ಪ್ರತಿ ಸಲವೂ ಒಂದೇ ಥರ ಟಪ್ ಎನ್ನಬೇಕು.

ಕೊನೆಗೆ ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಬಿಟ್ಟುಕೊಡುವ ತಿರುಪು ಇದು. ಸ್ವಲ್ಪ ಬಿಗಿ ಮಾಡಿ, ದಾರ ಸುತ್ತಿರುವ ಸ್ಪೂಲನ್ನು ಕೈಯಿಂದ ತಿರುಗಿಸಿ. ತಡೆದು ತಡೆದು ಜಗ್ಗದೆ, ಬೆಣ್ಣೆಯಂತೆ ಜಾರಬೇಕು. ನಾನು ಕೊಂಡ ಮೊದಲ ರೀಲಿನಲ್ಲಿ ಇದನ್ನು ನೋಡಿರಲಿಲ್ಲ. ರಾಡು, ರೀಲು, ಲೂರ್ ಡಬ್ಬಿ, ಚೀಲ ಎಲ್ಲ ಸೇರಿ ತುಂಬಾ ಕಡಿಮೆ ಬೆಲೆಗೆ ಸಿಕ್ಕಿತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಒಳ್ಳೆ ಮೀನು ಬಿತ್ತು. ಒಮ್ಮೆ ನೀರಿನಿಂದ ಮೇಲೆ ಹಾರಿ ತಲೆ ಕೊಡವಿತು. ಮಗಳು ಪಕ್ಕದಲ್ಲೇ ಇದ್ದಳು, “ಅಪ್ಪಾ, ಬಿಡ್ಬೇಡ!” ಎಂದು ಕೂಗಿದಳು. ಮೀನು ಕೆಳಗೆ ಇಳಿದು ಎಳೆದಾಗ ಡ್ರ್ಯಾಗ್ ಕಚ್ಚಿಕೊಂಡು ನಿಂತಿತು, ದಾರ ಪಟ್ ಎಂದು ಹರಿಯಿತು. ಬಾಯಲ್ಲಿ ಕೊಕ್ಕೆ ಇಟ್ಟುಕೊಂಡೇ ಹೋದ ಆ ಮೀನು ಇವತ್ತಿಗೂ ನನ್ನನ್ನು ಕಾಡುತ್ತದೆ. ದುಡ್ಡು ಉಳಿಸಬಾರದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ, ನಾನು ಡ್ರ್ಯಾಗ್ ಎನ್ನುತ್ತೇನೆ.

ರಾಡಿಗೆ ರೀಲು ಸಿಕ್ಕಿಸಿ, ರೀಲು ಕೂರುವ ಜಾಗದ ಸ್ವಲ್ಪ ಮುಂದೆ ಒಂದೇ ಬೆರಳ ಮೇಲೆ ಇಟ್ಟು ನೋಡಿ. ತಕ್ಕಡಿಯಂತೆ ನಿಂತರೆ ಸರಿ. ತುದಿ ಧೊಪ್ಪೆಂದು ಬಿದ್ದರೆ ಸಂಜೆ ಹೊತ್ತಿಗೆ ಮಣಿಕಟ್ಟು ಹೇಳುತ್ತದೆ.

ಉಳಿದ ದುಡ್ಡು ದಾರಕ್ಕೆ

1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗಮರಿ ಕೆರೆಯಲ್ಲಿ ಜಾರ್ಜ್ ಪೆರ್ರಿ ಎಂಬ ಯುವಕ 22 ಪೌಂಡ್ 4 ಔನ್ಸ್ ತೂಕದ ಬಾಸ್ ಹಿಡಿದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದನ್ನು ಸರಿಗಟ್ಟಿದರೂ, ವಿಶ್ವದಾಖಲೆಯಲ್ಲಿ ಇಬ್ಬರ ಹೆಸರೂ ಜೊತೆಯಾಗಿಯೇ ಇದೆ. ಪೆರ್ರಿ ಮನೆಯವರು ಆ ಮೀನನ್ನು ಅಡುಗೆ ಮಾಡಿ ಉಂಡರು. ಆ ಕಾಲದ ರಾಡು ರೀಲಿಗೆ ಹೋಲಿಸಿದರೆ ಇವತ್ತಿನ 50 ಡಾಲರಿನ ಸೆಟ್ ಎಷ್ಟೋ ಮೇಲು. ಹಾಗಾಗಿ ಉಳಿದ ದುಡ್ಡನ್ನು ಇನ್ನೂ ದುಬಾರಿ ರಾಡಿಗೆ ಹಾಕಬೇಡಿ, ಹೊಸ ದಾರಕ್ಕೆ ಹಾಕಿ. ಸೆಟ್ಟಿನ ಜೊತೆ ಸುತ್ತಿ ಬಂದ ದಾರ ಎಷ್ಟು ದಿನದಿಂದ ಅಂಗಡಿಯಲ್ಲಿತ್ತೋ ಯಾರಿಗೆ ಗೊತ್ತು? ತೆಗೆದುಬಿಡಿ.

8 ಅಥವಾ 10 ಪೌಂಡಿನ ಮೋನೋಫಿಲಮೆಂಟ್, ಅಂದರೆ ಒಂಟಿ ಎಳೆಯ ನೈಲಾನ್ ದಾರ ಅಗ್ಗ, ಗಂಟು ಹಾಕುವುದೂ ಸುಲಭ. ಸ್ಪೂಲಿನ ಅಂಚಿಗೆ ಸುಮಾರು 3 ಮಿಲಿಮೀಟರ್ ಕಡಿಮೆ ಇರುವವರೆಗೆ ಸುತ್ತಿ. ಅಂಚಿನವರೆಗೆ ತುಂಬಿದರೆ ಸುರುಳಿ ಸುರುಳಿಯಾಗಿ ಹಾರಿ ಗಂಟಾಗುತ್ತದೆ. ಎಸೆದ ಮೇಲೆ ಬೇಲನ್ನು ಹ್ಯಾಂಡಲ್ ತಿರುಗಿಸಿ ಮುಚ್ಚದೆ, ಕೈಯಿಂದಲೇ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ. ದಾರ ಹುರಿಗೊಳ್ಳುವುದು ತುಂಬಾ ಕಡಿಮೆಯಾಗುತ್ತದೆ.

ಡ್ರ್ಯಾಗ್ ಎಷ್ಟು ಬಿಗಿ ಇರಬೇಕು ಎಂದು ನೋಡಲು ಬೇಕಾದ ಸಾಧನ ನಿಮ್ಮ ಮನೆಯಲ್ಲೇ ಇದೆ. ಊರಿಗೆ ಹೊರಡುವಾಗ ಸೂಟ್‌ಕೇಸ್ 23 ಕಿಲೋ ದಾಟಿತಾ ಎಂದು ತೂಗುವ ಲಗೇಜ್ ಸ್ಕೇಲ್ ಇದೆ ಅಲ್ವಾ, ಅದೇ. ದಾರದ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ, ಒಬ್ಬರು ರಾಡು ಹಿಡಿಯಿರಿ, ಇನ್ನೊಬ್ಬರು ಸ್ಕೇಲ್ ಎಳೆಯಿರಿ. ದಾರದ ಬಲದ ಕಾಲು ಭಾಗಕ್ಕೆ ಡ್ರ್ಯಾಗ್ ಬಿಟ್ಟುಕೊಡಬೇಕು. 10 ಪೌಂಡ್ ದಾರವಾದರೆ ಎರಡೂವರೆ ಪೌಂಡಿಗೆ ಜಾರಲು ಶುರುವಾಗಬೇಕು. ಬಿಗಿ ಜಾಸ್ತಿ ಎನಿಸಿದರೆ ತಿರುಪು ಸಡಿಲಿಸಿ, ಮತ್ತೆ ಎಳೆದು ನೋಡಿ.

ಬಿಲ್ ಜೋಪಾನವಾಗಿಡಿ. ಕೊಂಡ ದಿನವೇ ಸಂಜೆ ಕೊಕ್ಕೆ ಇಲ್ಲದ ಬರೀ ತೂಕ ಕಟ್ಟಿ ಖಾಲಿ ಮೈದಾನದಲ್ಲಿ ನಲವತ್ತು ಐವತ್ತು ಸಲ ಎಸೆಯಿರಿ. ತೊಂದರೆ ಇದ್ದರೆ ಆವತ್ತೇ ಕಾಣುತ್ತದೆ, ವಾಪಸ್ ಕೊಡಬಹುದು. ಮನೆಗೆ ಬಂದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ, ಒಳಗಿನ ಬಿಲ್ಲೆಗಳು ಒತ್ತಿ ಹಾಳಾಗುವುದಿಲ್ಲ. ಬೇಸಿಗೆಯಲ್ಲಿ ರಾಡನ್ನಾಗಲಿ ಪ್ಲಾಸ್ಟಿಕ್ ಹುಳಗಳನ್ನಾಗಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಹುಳಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದಾರವೂ ಬೇಗ ಬಲ ಕಳೆದುಕೊಳ್ಳುತ್ತದೆ. ಮುಂದಿನ ಸಲ ದಡಕ್ಕೆ ಹೊರಡುವ ಮೊದಲು ಡ್ರ್ಯಾಗನ್ನು ಮತ್ತೆ ಸ್ಕೇಲ್ ಹಿಡಿದು ಬಿಗಿ ಮಾಡಿಕೊಳ್ಳಿ.